ಅಕ್ಕನ ಮೀನುಗಳ ಹೊಟ್ಟೆ

ನಗರದಂಚಿನ ಉಲ್ಲಾಳದಲ್ಲಿ ನಮ್ಮಕ್ಕನ ಮನೆಯ ಹಿಂದೆ ಮೊದಲು ದನದ ಕೊಟ್ಟಿಗೆ ಇತ್ತು. ಹೊಲಗಳೆಲ್ಲ ಲೇಔಟ್ ಆಗಿ ದನ ಮೇಯಿಸಲು ಜಾಗವಿಲ್ಲದಂತಾದಾಗ ಅಕ್ಕ ಅಲ್ಲಿ ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿಸಿ ಗೋಲ್ಡ್‌ಫಿಶ್ ಸಾಕತೊಡಗಿದಳು. ಭಾವ ತೀರಿಕೊಂಡ ಮೇಲೆ ಅವಳನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಆ ಮೀನುಗಳೇ. ಮೂಡಲಪಾಳ್ಯದಿಂದ ನಾನು ಹೋದರೆ ಕಾಫಿ ಕೊಡುವ ಮುಂಚೆಯೇ ತೊಟ್ಟಿಯ ಹತ್ತಿರ ಕರೆದೊಯ್ಯುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳೆದ್ದವು. ಯಾರೋ ಹೇಳಿದರೆಂದು ಅಕ್ಕ ಆಂಟಿಬಯೋಟಿಕ್ ಪುಡಿ ತಂದು ಮೇವಿಗೆ ಬೆರೆಸಿದಳು. ಹುಣ್ಣು ಮಾಯಿತು. ಮತ್ತೆ ಬಂದೀತೆಂಬ ಭಯಕ್ಕೆ ಅವಳು ಹಾಕುತ್ತಲೇ ಹೋದಳು. ಆಮೇಲೆ ಮೀನುಗಳು ಮೇವನ್ನು ಬಾಯಿಗಿಟ್ಟುಕೊಂಡು ಉಗುಳತೊಡಗಿದವು. ಮೈ ಸಣಕಲಾಯಿತು, ಹಿಕ್ಕೆ ಬಿಳಿ ದಾರದಂತೆ ಜೋತಾಡುತ್ತಿತ್ತು. ಒಂದೊಂದಾಗಿ ಸಾಯತೊಡಗಿದವು.

“ಸಾಕು ಕಣೋ, ತೊಟ್ಟಿ ಒಡೆಸ್ಬಿಡ್ತೀನಿ. ಇವು ಸಾಯೋದನ್ನ ನೋಡಕ್ಕಾಗಲ್ಲ ನಂಗೆ” ಎಂದು ಅಕ್ಕ ಫೋನಿನಲ್ಲಿ ಅತ್ತಳು. ನಾನು ಕೂಡಲೇ ಹೊರಟೆ.

ನಾನು ಹೋದಾಗ, ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹುಡುಗಿ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದಳು. ಅವಳು ಮೀನುಗಾರಿಕೆ ಓದಿದವಳೆಂದು ಅಕ್ಕನಿಗೂ ತಿಳಿದದ್ದು ಆವತ್ತೇ.

“ಆಂಟಿ, ಮೀನಿನ ಹೊಟ್ಟೇಲೂ ನಮ್ ಥರಾನೇ ಒಳ್ಳೆ ಬ್ಯಾಕ್ಟೀರಿಯಾ ಇರ್ತವೆ. ತಿಂದಿದ್ದು ಅರಗೋಕೆ, ರೋಗ ತಡೆಯೋಕೆ ಅವು ಬೇಕು. ನಿಮ್ಮ ಔಷಧಿ ಕೆಟ್ಟದ್ರ ಜೊತೆ ಅವನ್ನೂ ಸಾಯ್ಸಿರ್ಬೇಕು.”

“ಹಂಗಾದ್ರೆ ಒಂಚೂರು ಮೊಸರು ಹಾಕ್ಲಾ?”

ಹುಡುಗಿ ನಕ್ಕಳು. “ಬೇಡಿ ಆಂಟಿ, ನೀರು ಕೆಡತ್ತೆ. ಮೀನಿಗೇ ಅಂತ ಒಳ್ಳೆ ಬ್ಯಾಕ್ಟೀರಿಯಾ ಇರೋ ಪ್ರೋಬಯೋಟಿಕ್ ಪುಡಿ ಬರತ್ತೆ, ನಾನೇ ತರ್ತೀನಿ. ಮೊದ್ಲು ಔಷಧಿ ನಿಲ್ಸಿ.”

ಮರುದಿನ ಸಂಜೆ ಹುಡುಗಿ ಕೆಲಸದಿಂದ ಬಂದವಳೇ ಪುಡಿಯನ್ನು ನೀರಿನಲ್ಲಿ ಕಲಸಿ ಮೇವಿನ ಮೇಲೆ ಚಿಮುಕಿಸಿ, ನೆರಳಲ್ಲಿ ಆರಿಸಿ, ಚಿಟಿಕೆಯಷ್ಟೇ ಹಾಕುವುದನ್ನು ತೋರಿಸಿಕೊಟ್ಟಳು. ತೊಟ್ಟಿಯ ನೀರನ್ನೂ ಸ್ವಲ್ಪ ಸ್ವಲ್ಪವೇ ಬದಲಿಸಲು ಹೇಳಿದಳು. ಆಮೇಲೂ ಕೆಲವು ಮೀನುಗಳು ಸತ್ತವು. “ಎಲ್ಲಾನೂ ಉಳಿಸ್ತೀನಿ ಅಂತ ಹೇಳಕ್ಕಾಗಲ್ಲ ಆಂಟಿ” ಎಂದು ಅವಳು ಮೊದಲೇ ಹೇಳಿದ್ದರಿಂದಲೋ ಏನೋ, ಅಕ್ಕ ಎದೆಗುಂದಲಿಲ್ಲ.

ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟು ಬಸ್ಸಿನಲ್ಲಿ ನಿಂತಿದ್ದಾಗ ಅಕ್ಕನ ಫೋನು.

“ಲೋ, ಹಿಕ್ಕೆ ಕಪ್ಪಗೆ, ಗಟ್ಟಿಯಾಗಿ ಹಾಕ್ತಾ ಇದಾವೆ ಕಣೋ! ಮೇವು ಉಗುಳ್ತಾನೂ ಇಲ್ಲ!”

ಅಂಥ ಸುದ್ದಿಗೆ ಕಣ್ಣು ಒದ್ದೆಯಾಗುತ್ತದೆಂದು ನಾನು ಎಣಿಸಿರಲಿಲ್ಲ. ಭಾವ ಹೋದಂದಿನಿಂದ ಅಷ್ಟು ಗಟ್ಟಿಯಾದ ದನಿ ಅವಳಿಂದ ಕೇಳಿರಲಿಲ್ಲ.

ಈ ವರ್ಷ ಆ ಹುಡುಗಿ ಮದುವೆಯಾಗಿ ನಂದಿನಿ ಲೇಔಟಿಗೆ ಹೋದಳು. ಅಕ್ಕ ಎರಡು ಮೀನುಮರಿಗಳನ್ನು ನೀರು ತುಂಬಿದ ಕವರಿಗೆ ಹಾಕಿ ನನ್ನ ಕೈಗಿತ್ತು, ತಾನೂ ಹೊಸ ಸೀರೆಯುಟ್ಟು ಆಟೋ ಹತ್ತಿದಳು. ಅವರ ಮನೆ ಬಾಗಿಲಲ್ಲಿ ಹುಡುಗಿಯ ಎರಡೂ ಕೈ ಹಿಡಿದು ನಿಂತುಬಿಟ್ಟಳು.

“ಒಳಗ್ ಬನ್ನಿ ಆಂಟಿ, ಮೊದ್ಲು ಮೀನು ಬಿಡೋಣ” ಎಂದು ಹುಡುಗಿ ಅವಳನ್ನು ಕರೆದುಕೊಂಡು ಹೋದಳು.