ಸಹಿ ಹಾಕದೆ ಎದ್ದುಹೋದ ರೂಪಾ

2023ರ ಕೊನೆಯ ತಿಂಗಳುಗಳಲ್ಲಿ ನಾನು ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಹಿರಿಯ ಶುಶ್ರೂಷಾಧಿಕಾರಿಯಾಗಿದ್ದೆ. ಎಲ್ಲರಿಗೂ ಗೊತ್ತಿರುವ ಹೆಸರಿನಲ್ಲಿ ಹೇಳುವುದಾದರೆ ಸ್ಟಾಫ್ ನರ್ಸ್. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಇದರಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ತಪ್ಪು ಮಾಡಿದ್ದು ನಾನು. ಅದರ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸುವ ಮನಸ್ಸಿಲ್ಲ.

ನನ್ನೂರು ಪೂರಿಗಾಲಿ. ನಮ್ಮದು ಬೌದ್ಧ ಧರ್ಮ ಪಾಲಿಸುವ ಮನೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳನ್ನೆಲ್ಲ ಕೂರಿಸಿ ಪಂಚಶೀಲ ಹೇಳಿಸುತ್ತಿದ್ದರು. ಯಾವ ಜೀವವನ್ನೂ ತೆಗೆಯುವುದಿಲ್ಲ ಎಂಬುದು ಅದರಲ್ಲಿ ಮೊದಲನೆಯದು. ಗರ್ಭಪಾತ ತಪ್ಪು ಎಂಬ ನನ್ನ ನಂಬಿಕೆ ಅಲ್ಲಿಂದ ಬಂದದ್ದು. ನರ್ಸಿಂಗ್ ಓದಿದ ಮೇಲೂ ಅದು ಹೋಗಲಿಲ್ಲ. ಅಂಥ ಪ್ರಕರಣ ಬಂದಾಗಲೆಲ್ಲ ಡ್ಯೂಟಿ ಅದಲು ಬದಲು ಮಾಡಿಕೊಂಡೋ, ಬಾಣಂತಿಯರ ಕಡೆ ಕೆಲಸ ಹಚ್ಚಿಕೊಂಡೋ ದೂರ ಉಳಿಯುತ್ತಿದ್ದೆ. ಕಾರಣವನ್ನು ಮಾತ್ರ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮ ಸ್ತ್ರೀರೋಗ ತಜ್ಞೆ ಡಾ. ವಸಂತಾ ಅವರ ನಿಲುವು ಬೇರೆ. ಒಮ್ಮೆ ಊಟದ ಹೊತ್ತಿನಲ್ಲಿ ಈ ಮಾತು ಎದ್ದಾಗ, ಹೊಟ್ಟೆಯೊಳಗೆ ಇರುವುದು ಜೀವ ಅಲ್ಲ ಎಂದು ತಾವು ಯಾವತ್ತೂ ಹೇಳುವುದಿಲ್ಲ, ಆದರೆ ಎದುರಿಗೆ ಕುಳಿತು ಕಷ್ಟ ಹೇಳುವವಳ ಜೀವವೇ ತಮಗೆ ಮೊದಲು ಕಾಣಿಸುತ್ತದೆ ಎಂದಿದ್ದರು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ.

ಆ ದಿನಗಳಲ್ಲಿ ಹೆಣ್ಣು ಭ್ರೂಣ ಪತ್ತೆ, ಹತ್ಯೆಯ ಸುದ್ದಿಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಪದೇ ಪದೇ ಕಾಣಿಸುತ್ತಿತ್ತು. ಕಾನೂನುಬದ್ಧವಾಗಿ ಮಾಡುವ ಗರ್ಭಪಾತಕ್ಕೂ ಸಿಬ್ಬಂದಿ ಹೆದರುವಂತಾಗಿತ್ತು. ಇಪ್ಪತ್ತು ವಾರದೊಳಗೆ ಅರ್ಹ ವೈದ್ಯರೊಬ್ಬರ ಅಭಿಪ್ರಾಯ, ಹದಿನೆಂಟು ತುಂಬಿದ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ, ಕಾನೂನು ಕೇಳುವುದು ಇಷ್ಟೇ. ಗಂಡನ ಸಹಿಯಾಗಲಿ ಅತ್ತೆಯ ಸಹಿಯಾಗಲಿ ಬೇಕಿಲ್ಲ. ಆದರೂ ಒಪ್ಪಿಗೆ ಪತ್ರದ ಒಂದೊಂದು ಗೆರೆಯನ್ನೂ ಎರಡೆರಡು ಸಲ ನೋಡುತ್ತಿದ್ದೆವು.

ರೂಪಾ ಬಂದದ್ದು ಇಂಥ ಹೊತ್ತಿನಲ್ಲಿ. ಇಪ್ಪತ್ತೆಂಟರ ಹೆಣ್ಣುಮಗಳು. ತವರು ನಮ್ಮ ಆಸ್ಪತ್ರೆಗೆ ಹತ್ತಿರದ ಹಳ್ಳಿ, ಕೊಟ್ಟಿದ್ದು ಮದ್ದೂರು ತಾಲ್ಲೂಕಿನ ಭಾರತೀನಗರದ ಪಕ್ಕದ ಊರಿಗೆ. ಗಂಡ ಮಹೇಶ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಾಲ್ಕು ವರ್ಷದ ಒಬ್ಬಳು ಮಗಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಹೇಳಿಕೊಂಡಿದ್ದಳು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಮಂಡ್ಯಕ್ಕೆ ಕಳಿಸಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರು. ಚಿಕ್ಕಂದಿನಲ್ಲಿ ಬಂದ ಕೀಲುವಾತದ ಜ್ವರ ಎಡಭಾಗದ ಮೈಟ್ರಲ್ ಕವಾಟವನ್ನು ಗಟ್ಟಿ ಮಾಡಿಬಿಟ್ಟಿತ್ತು. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ಕವಾಟ ಒಂದು ಕೂಡ ತೆರೆಯುತ್ತಿರಲಿಲ್ಲ. ಬಲೂನಿನಿಂದ ಅಗಲಿಸುವ ಚಿಕಿತ್ಸೆಗೆ ಈ ಕವಾಟ ಒಗ್ಗುವುದಿಲ್ಲ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯೇ ಆಗಬೇಕು ಎಂದು ಹೃದಯ ತಜ್ಞರು ಬರೆದಿದ್ದರು. ಅಲ್ಲಿಯವರೆಗೆ ನುಂಗಲು ಮಾತ್ರೆಯನ್ನೂ ಕೊಟ್ಟಿದ್ದರು.

ಗರ್ಭಕ್ಕೆ ಹದಿಮೂರು ವಾರವಾಗಿತ್ತು. ತಿಂಗಳು ತುಂಬುತ್ತ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಈ ಹೃದಯ ಅದನ್ನು ತಾಳುವುದು ಕಷ್ಟ, ಹೆರಿಗೆಯವರೆಗೆ ಹೋದರೆ ತಾಯಿ ಉಳಿಯುತ್ತಾಳೆಂದು ಹೇಳಲಾರೆ ಎಂದು ಡಾ. ವಸಂತಾ ಗಂಡ ಹೆಂಡಿರಿಬ್ಬರಿಗೂ ಬಿಡಿಸಿ ಹೇಳಿದರು. ಮಂಡ್ಯದ ದೊಡ್ಡ ಆಸ್ಪತ್ರೆಯಲ್ಲಿ ಹೃದಯ ತಜ್ಞರ ಕಣ್ಣೆದುರಿಗೆ ಗರ್ಭಪಾತ ಮಾಡಿಸಿಕೊಳ್ಳುವುದು ಕ್ಷೇಮ ಎಂದರು. ಮಹೇಶ ಆಗಲಿ ಎಂದು ತಲೆಯಾಡಿಸಿದ. ಹೊರಗೆ ಬೆಂಚಿನ ಮೇಲಿದ್ದ ಅವನ ತಾಯಿ ಪುಟ್ಟತಾಯಮ್ಮ ಮಾತ್ರ, ಈ ಸಲ ಗಂಡೇ ಇದ್ದೀತು, ಆಸ್ಪತ್ರೆಯವರು ಹೇಳಿದ್ದಕ್ಕೆಲ್ಲ ಕುಣಿಯಬಾರದು ಎಂದು ಪಕ್ಕದವರ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು. ಗಂಡು ಎಂಬ ಆಸೆಗೆ ಸೊಸೆಯ ಜೀವವನ್ನು ಒಡ್ಡುತ್ತಾರಲ್ಲ ಎಂದು ನನಗೆ ಕೋಪವೂ ಬಂತು.

ಅವತ್ತು ಜೊತೆಗಿರಬೇಕಿದ್ದ ನರ್ಸ್ ರಜೆಯಲ್ಲಿದ್ದರು. ಮಂಡ್ಯಕ್ಕೆ ಕಳಿಸುವ ಮೊದಲು ಒಪ್ಪಿಗೆ ಪತ್ರ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ರೂಪಾಳೊಬ್ಬಳನ್ನೇ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಪೂರ್ತಿ ಓದಿ ಹೇಳಿದೆ. ಪೆನ್ನು ಹಿಡಿದುಕೊಂಡವಳು ಸಹಿ ಹಾಕುವ ಜಾಗವನ್ನೇ ನೋಡುತ್ತ ಕುಳಿತಳು. ಆಮೇಲೆ ತಲೆ ಎತ್ತಿ ಕೇಳಿದಳು: "ನೀವಾಗಿದ್ರೆ ಏನ್ ಮಾಡ್ತಿದ್ರಿ ಸಿಸ್ಟರ್?"

ಡಾಕ್ಟರನ್ನು ಕರೆಯುತ್ತೇನೆ, ಇನ್ನೊಮ್ಮೆ ಮಾತಾಡು ಎನ್ನಬೇಕಿತ್ತು. ಅಥವಾ ಏನೂ ಹೇಳದೆ ಪಕ್ಕದಲ್ಲಿ ಕುಳಿತಿರಬೇಕಿತ್ತು. ನಾನು ಅಂದದ್ದು ಇದು: "ನಾನಾಗಿದ್ರೆ ಮಾಡುಸ್ಕತಿರ್ಲಿಲ್ಲ ಕಣವ್ವ. ಒಂದ್ ಜೀವ ತೆಗೆಯೋದು ನನ್ನ ಕೈಲಿ ಆಗಕ್ಕಿಲ್ಲ."

ಅವಳು ಪೆನ್ನನ್ನು ಮೇಜಿನ ಮೇಲಿಟ್ಟು, ಯೋಚನೆ ಮಾಡಿ ಸೋಮವಾರ ಬರುತ್ತೇನೆಂದು ಹೇಳಿ ಎದ್ದುಹೋದಳು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವೇ ಆಯಿತು. ಒಂದು ಜೀವ ಉಳಿಸಿದೆ ಅನ್ನಿಸಿತು. ಕೇಸ್ ಶೀಟಿನಲ್ಲಿ 'ಯೋಚಿಸಲು ಸಮಯ ಕೇಳಿದ್ದಾರೆ' ಎಂದಷ್ಟೇ ಬರೆದೆ. ನಾನು ಆಡಿದ ಮಾತನ್ನು ಬರೆಯಲಿಲ್ಲ, ಡಾಕ್ಟರಿಗೆ ಹೇಳಲೂ ಇಲ್ಲ.

ಸೋಮವಾರ ಅವಳು ಬರಲಿಲ್ಲ. ಡಾಕ್ಟರು ಮಹೇಶನಿಗೆ ಫೋನ್ ಮಾಡಿದರೆ, ಕಾರ್ಖಾನೆಯಲ್ಲಿ ಹಂಗಾಮು, ಎರಡು ದಿನ ಬಿಟ್ಟು ಬರುತ್ತೇವೆ ಎಂದ. ಎರಡು ದಿನ ಕಳೆದ ಮೇಲೆ ಫೋನು ಸ್ವಿಚ್ ಆಫ್ ಆಯಿತು. ಚುಚ್ಚುಮದ್ದು ಕೊಡುವಾಗ, ದಾಖಲೆ ಬರೆಯುವಾಗ, ಬಸ್ಸಿನಲ್ಲಿ ಕುಳಿತಾಗ ಒಂದೇ ಲೆಕ್ಕ: ಹದಿನಾಲ್ಕು ವಾರ, ಹದಿನಾಲ್ಕೂವರೆ, ಹದಿನೈದು. ಅವಳು ಮನೆಯಲ್ಲೇ ಇದ್ದಾಳೋ, ಹೆದರಿ ಎಲ್ಲಾದರೂ ಕದ್ದು ಮಾಡುವವರ ಕೈಗೆ ಸಿಕ್ಕಿದ್ದಾಳೋ? ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲು ನಮ್ಮ ಜಿಲ್ಲೆಯ ಸುದ್ದಿ ಹುಡುಕುತ್ತಿದ್ದೆ. ಅವಳು ಬಸಿರು ಉಳಿಸಿಕೊಳ್ಳುವುದಾದರೂ ಅದಕ್ಕೆ ಹೃದಯ ತಜ್ಞರು ಬೇಕು, ಮಾತ್ರೆ ಬೇಕು, ವಾರ ವಾರ ತಪಾಸಣೆ ಬೇಕು. ಉಳಿಸಿಕೋ ಎಂಬ ಅರ್ಥದಲ್ಲಿ ಮಾತಾಡಿದ ನಾನು ಅದರಲ್ಲಿ ಒಂದನ್ನೂ ಹೇಳಿರಲಿಲ್ಲ.

ಮುಂದಿನ ವಾರದ ರಜೆಯ ದಿನ ಬೆಳಿಗ್ಗೆ ಭಾರತೀನಗರದ ಬಸ್ಸು ಹತ್ತಿದೆ. ಬಸಿರಿಯ ತಪಾಸಣೆಗೆ ಬಂದಿದ್ದೇನೆ ಎಂದರೆ ಊರಿನಲ್ಲಿ ಯಾರೂ ಹೆಚ್ಚು ಕೇಳುವುದಿಲ್ಲ ಎಂದು ಬಿ.ಪಿ. ಉಪಕರಣದ ಚೀಲ ಹಿಡಿದಿದ್ದೆ. ಅಲ್ಲಿಂದ ಆಟೋ. ಮನೆ ಸಿಗುವುದು ಕಷ್ಟವಾಗಲಿಲ್ಲ. ಪುಟ್ಟತಾಯಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಗುರುತು ಹಿಡಿದರು, ಯಾವೂರು, ಯಾರ ಪೈಕಿ ಎಂದು ಕೇಳಿದರು, ಹೇಳಿದೆ. ಒಳಗೆ ಬಾ ಎನ್ನಲಿಲ್ಲ. ಅದು ನನಗೆ ಹೊಸದೂ ಆಗಿರಲಿಲ್ಲ. ಜಗಲಿಯ ತುದಿಯಲ್ಲಿ ಕುಳಿತು, ರೂಪಾಳನ್ನು ಆಸ್ಪತ್ರೆಗೆ ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

ಅವರು ಕೈಯ ಕೆಲಸ ನಿಲ್ಲಿಸದೆ ಅಂದರು: "ನೀವೇ ಅಂದ್ರಂತಲ್ಲ ನರ್ಸಮ್ಮ, ತೆಗುಸ್ಬ್ಯಾಡ ಅಂತ. ಆಸ್ಪತ್ರೆಯೋರೇ ಅಂದ್ಮೇಲೆ ಇನ್ನೇನದೆ? ಮಹೇಶಂಗೂ ಫೋನ್ ಆಪ್ ಮಾಡ್ಕ ಅಂದೆ. ಆ ಗುಳಿಗೆನೂ ನುಂಗ್ಬ್ಯಾಡ ಅಂದ್ಬುಟ್ಟೆ, ಕೂಸ್ಗೆ ಆಗಕ್ಕಿಲ್ಲ ಅಂತ."

ನನ್ನ ಮಾತು ಆ ಮನೆಯಲ್ಲಿ ಡಾಕ್ಟರ ಮಾತಿಗಿಂತ ದೊಡ್ಡದಾಗಿ ಕುಳಿತಿತ್ತು. ಗಂಡು ಬೇಕೆಂಬ ಅವರ ಆಸೆಯನ್ನು ನಾನು ಮನಸ್ಸಿನಲ್ಲೇ ಹೀಗಳೆದಿದ್ದೆ. ಈಗ ನೋಡಿದರೆ ನಾವಿಬ್ಬರೂ ಒಂದೇ ಕಡೆ ನಿಂತಿದ್ದೆವು. ಕಾರಣ ಬೇರೆಯಿದ್ದರೂ ರೂಪಾಳಿಗೆ ಆದದ್ದು ಒಂದೇ.

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಗೊರಗೊರ ಎನ್ನುವ ಆ ಕೆಮ್ಮನ್ನು ವಾರ್ಡಿನಲ್ಲಿ ಕೇಳಿದವರು ಮರೆಯುವುದಿಲ್ಲ. ಯಾರನ್ನೂ ಕೇಳದೆ ಒಳಗೆ ನುಗ್ಗಿದೆ. ರೂಪಾ ನಡುಮನೆಯ ಗೋಡೆಗೆ ಒರಗಿ ದಿಂಬು ತಬ್ಬಿ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಮೂರು ದಿನದಿಂದ ಹಾಗೆಯೇ ಕುಳಿತಿದ್ದಳಂತೆ. ತುಟಿ ನೀಲಿಗಟ್ಟಿತ್ತು. ನಾಡಿ ನಿಮಿಷಕ್ಕೆ ನೂರ ಮೂವತ್ತು ದಾಟಿತ್ತು. ಬಾಯಿ ಒರೆಸಿಕೊಂಡ ಬಟ್ಟೆಯಲ್ಲಿ ತೆಳು ಗುಲಾಬಿ ಬಣ್ಣದ ನೊರೆ. ಶ್ವಾಸಕೋಶಕ್ಕೆ ನೀರು ಇಳಿದಿತ್ತು. ಮಗಳು ಒಂದು ರಟ್ಟಿನ ತುಂಡು ಹಿಡಿದು ಅಮ್ಮನಿಗೆ ಗಾಳಿ ಬೀಸುತ್ತಿದ್ದಳು.

108ಕ್ಕೆ ಫೋನ್ ಮಾಡಿದೆ. ಅವಳನ್ನು ಮಂಚದ ಅಂಚಿಗೆ ಕೂರಿಸಿ ಕಾಲು ಇಳಿಬಿಡಿಸಿದೆ. ಕಾಲು ಕೆಳಗಿದ್ದರೆ ಹೃದಯಕ್ಕೆ ಮರಳುವ ರಕ್ತ ಸ್ವಲ್ಪ ಕಡಿಮೆಯಾಗಿ ಉಸಿರಾಟ ಹಗುರಾಗುತ್ತದೆ. ಬೇರೆ ಏನೂ ನನ್ನ ಚೀಲದಲ್ಲಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮನ ಕಡೆ ತಿರುಗಿ, "ಅವ್ವಾ, ನಾನು ಅಂದದ್ದು ತಪ್ಪು. ಇವಳು ಈಗ ಆಸ್ಪತ್ರೆಗೆ ಹೋಗದೆ ಇದ್ರೆ ಇಬ್ಬರೂ ಉಳಿಯಲ್ಲ" ಎಂದೆ. ಅವರು ಸೊಸೆಯ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಅವಳ ಸೀರೆ, ಟವೆಲ್ಲು ಚೀಲಕ್ಕೆ ತುಂಬತೊಡಗಿದರು.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆಕ್ಸಿಜನ್ ಹಾಕಿ ಹೊರಟರೆ ರಸ್ತೆಯ ಉದ್ದಕ್ಕೂ ಕಬ್ಬಿನ ಟ್ರಾಕ್ಟರುಗಳ ಸಾಲು. ಸೈರನ್ ಕೇಳಿ ಒಬ್ಬೊಬ್ಬರೇ ಪಕ್ಕಕ್ಕೆ ಸರಿದರೂ ನಾವು ತೆವಳಿದಂತೆಯೇ ಸಾಗುತ್ತಿದ್ದೆವು. ಬೆರಳಿಗೆ ಹಾಕಿದ ಯಂತ್ರದಲ್ಲಿ ಆಮ್ಲಜನಕದ ಅಂಕಿ ಎಂಬತ್ತರ ಆಸುಪಾಸಿನಲ್ಲೇ ಅಲ್ಲಾಡುತ್ತಿತ್ತು, ತೊಂಬತ್ತೈದರ ಮೇಲಿರಬೇಕಾದದ್ದು. ಮದ್ದೂರು ದಾಟುವವರೆಗೆ ನಾನು ಆ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. ರೂಪಾ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಉಗುರಿನ ಗುರುತು ಎರಡು ದಿನ ಇತ್ತು.

ಮಂಡ್ಯದಲ್ಲಿ ಐಸಿಯು. ನೀರು ಇಳಿಸುವ ಇಂಜೆಕ್ಷನ್, ಹೃದಯದ ಬಡಿತ ತಗ್ಗಿಸುವ ಔಷಧ. ಮೊದಲ ದಿನ ಏನೂ ಹೇಳಲಾಗದು ಎಂದರು. ನಾನು ರಜೆ ಮುಂದುವರಿಸಿ ಅಲ್ಲೇ ಉಳಿದೆ. ಎರಡನೆಯ ದಿನ ಮಧ್ಯಾಹ್ನ ಡಾ. ವಸಂತಾ ಬಂದರು. ಕಾರಿಡಾರಿನ ಕಿಟಕಿಯ ಬಳಿ ನಿಂತು ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ. ನನ್ನ ನಂಬಿಕೆ, ಆಡಿದ ಮಾತು, ಕೇಸ್ ಶೀಟಿನಲ್ಲಿ ಮುಚ್ಚಿಟ್ಟದ್ದು. ಬೈಯುತ್ತಾರೆ, ಮೇಲಿನವರಿಗೆ ಬರೆಯುತ್ತಾರೆ ಎಂದುಕೊಂಡಿದ್ದೆ.

ಅವರು ಅಂದರು: "ನಿಮ್ಮ ನಂಬಿಕೆ ನಿಮಗಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಮೊದಲೇ ಹೇಳಿದ್ರೆ ಆ ಫಾರಂ ನಿಮ್ಮ ಕೈಗೆ ಕೊಡ್ತಾ ಇರಲಿಲ್ಲ." ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ಉಸಿರಾಟ ತಹಬಂದಿಗೆ ಬಂದ ಮೇಲೆ ಅಲ್ಲಿನ ವೈದ್ಯರು ರೂಪಾಳನ್ನು ಒಬ್ಬಳನ್ನೇ ಕೇಳಿದರು. ಅವಳು ಸಹಿ ಹಾಕಿದಳು. ಮಹೇಶ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಪುಟ್ಟತಾಯಮ್ಮ ನನ್ನ ಪಕ್ಕದಲ್ಲಿ ಬಂದು ಕುಳಿತರು. ತಾವು ಹೆತ್ತ ಆರರಲ್ಲಿ ಉಳಿದದ್ದು ಎರಡೇ, ಹೊಟ್ಟೆಯಲ್ಲಿದ್ದುದನ್ನು ಕಳೆದುಕೊಳ್ಳುವುದೆಂದರೆ ತಮಗೆ ಭಯ ಎಂದು ಹೇಳಿದರು. ಗಂಡಿನ ಆಸೆಯ ಹಿಂದೆ ಇಂಥದೊಂದು ಇದ್ದೀತೆಂದು ನಾನು ಯೋಚಿಸಿಯೇ ಇರಲಿಲ್ಲ. ಒಳಗೆ ಗರ್ಭಪಾತ ನಡೆಯುವಷ್ಟು ಹೊತ್ತೂ ನಾನು ಅಲ್ಲೇ ಕುಳಿತಿದ್ದೆ. ಹೋಗುವ ಜೀವಕ್ಕಾಗಿ ಮರುಗಬೇಕೋ, ಉಳಿಯಬೇಕಾದ ಜೀವಕ್ಕಾಗಿ ಬೇಡಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ತೆರೆದ ನರ್ಸ್, ರೂಪಾ ಚೆನ್ನಾಗಿದ್ದಾಳೆ ಎಂದರು.

ಮುಂದೆ ಮೈಸೂರಿನಲ್ಲಿ ಅವಳ ಕವಾಟ ಬದಲಿಸಿದರು. ಎಂಟು ತಿಂಗಳ ನಂತರ ತವರಿಗೆ ಬಂದವಳು ಮಗಳ ಕೈ ಹಿಡಿದುಕೊಂಡು ಆಸ್ಪತ್ರೆಗೂ ಬಂದಳು. ಮುಖದಲ್ಲಿ ರಕ್ತ ತುಂಬಿತ್ತು. ಕ್ಷಮೆ ಕೇಳಲು ನಾನು ಮಾತು ಹುಡುಕುತ್ತಿರುವಾಗ ಅವಳೇ ಶುರು ಮಾಡಿದಳು.

"ಅದು ಜೀವ ಅಲ್ಲ ಅಂತ ನಾನೂ ಅನ್ನಕ್ಕಿಲ್ಲ ಸಿಸ್ಟರ್. ನಂದೇ ಕೂಸು. ಈಗ್ಲೂ ಒಂದೊಂದ್ ದಿನ ಅಳ್ತೀನಿ. ಆದ್ರೂ ಮಾಡುಸ್ಕಂಡೆ. ನಂಗೆ ಇವಳಿದ್ಲು." ಮಗಳ ತಲೆ ಸವರಿ ಮತ್ತೆ ಅಂದಳು: "ಅವತ್ತು ನೀವು ನಿಮ್ಗೆ ಏನ್ ಅನ್ಸುತ್ತೆ ಅಂತ ಹೇಳುದ್ರಿ. ನಂಗೆ ಏನ್ ಅನ್ಸುತ್ತೆ ಅಂತ ಕೇಳ್ನೇ ಇಲ್ಲ."

ಕೋಪದಿಂದ ಹೇಳಿದ ಮಾತಲ್ಲ ಅದು.

ಗರ್ಭಪಾತದ ಬಗ್ಗೆ ನನ್ನ ನಂಬಿಕೆ ಇವತ್ತಿಗೂ ಬದಲಾಗಿಲ್ಲ. ಡಾ. ವಸಂತಾ ಅವರದೂ ಬದಲಾಗಿಲ್ಲ. ನಾವಿಬ್ಬರೂ ನಾನು ನಿವೃತ್ತಳಾಗುವವರೆಗೆ ಒಂದೇ ಮೇಜಿನಲ್ಲಿ ಊಟ ಮಾಡಿದೆವು. ಬದಲಾದದ್ದು ನನ್ನ ನಡವಳಿಕೆ. ಗರ್ಭಪಾತದ ಕೆಲಸ ನನ್ನಿಂದಾಗದು ಎಂದು ಡಾಕ್ಟರಿಗೆ ಬರೆದುಕೊಟ್ಟೆ. ಹೊಸದಾಗಿ ಬಂದ ನರ್ಸುಗಳಲ್ಲಿ ನನ್ನ ಹಾಗೆ ಅಳುಕುವವರಿದ್ದರೆ, ಅದನ್ನು ಇವತ್ತೇ ಡಾಕ್ಟರ ಕೋಣೆಯಲ್ಲಿ ಹೇಳಿ, ರೋಗಿಯ ಮಂಚದ ಪಕ್ಕ ಬೇಡ ಎನ್ನುತ್ತಿದ್ದೆ. ಬಿಳಿ ಸಮವಸ್ತ್ರ ತೊಟ್ಟವರು ಆಡುವ ಮಾತನ್ನು ಜನ ಒಬ್ಬರ ಅಭಿಪ್ರಾಯವೆಂದು ತಿಳಿಯುವುದಿಲ್ಲ, ಔಷಧವೆಂದು ತಿಳಿದು ಮನೆಗೆ ಒಯ್ಯುತ್ತಾರೆ. ಇದನ್ನು ನಾನು ಕಲಿಯಲು ಇಡೀ ಸೇವಾವಧಿ ಬೇಕಾಯಿತು. ಅದರ ಬೆಲೆಯನ್ನು ಇನ್ನೊಬ್ಬಳು ತೆರುವುದರಲ್ಲಿದ್ದಳು.