ಕೈಗೋ ಬಾಯಿಗೋ

ಮಳವಳ್ಳಿ ಹತ್ತಿರದ ಹಳ್ಳಿಯೊಂದರ ಚರ್ಚಿನ ಗುರುಗಳಿಗೆ ಜ್ವರ ಬಂದು, ಭಾನುವಾರದ ಬಲಿಪೂಜೆ ನನ್ನ ಪಾಲಿಗೆ ಬಂತು. "ಫಾದರ್, ಕೊರೊನಾ ಬಂದಾಗಿನಿಂದ ಇಲ್ಲಿ ಪರಮಪ್ರಸಾದ ಕೈಗೇ ಕೊಡೋದು. ಯಾರ ಬಾಯಿಗೂ ಹಾಕಬೇಡಿ" ಎಂದು ಅವರು ಫೋನಿನಲ್ಲಿ ಒತ್ತಿ ಹೇಳಿದ್ದರು.

ಕ್ರಿಸ್ತನ ಶರೀರವೆಂದೇ ನಂಬಿ ಸ್ವೀಕರಿಸುವ ಆ ತೆಳು ರೊಟ್ಟಿಗಾಗಿ ನಿಂತ ಸಾಲು ಸರಾಗವಾಗಿ ಸಾಗುತ್ತಿದ್ದಾಗ ಒಬ್ಬ ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ, ಬಾಯಿ ತೆರೆದು ನಿಂತರು.

"ಕೈ ಚಾಚಿ ಅಮ್ಮ."

"ಈ ಕೈಲಿ ಸಗಣಿ ಬಾಚಿವ್ನಿ ಸ್ವಾಮಿ. ದೇವ್ರನ್ನ ಇದ್ರಲ್ಲಿ ಈಸ್ಕಳದಾ?"

"ತೊಳ್ಕೊಂಡು ಬಂದಿದ್ದೀರಲ್ಲ?"

"ತೊಳ್ದಿವ್ನಿ. ಮನ್ಸು ಒಪ್ಪಕಿಲ್ಲ. ಅದ್ಕೇ ವಾರ ವಾರವೂ ಬರೀ ಬಾಯಲ್ಲಿ ವಾಪಸ್ ಓಯ್ತಿವ್ನಿ."

ಪೀಠದ ಮುಂದೆ ನಿಂತು ಎಷ್ಟೆಂದು ವಾದಿಸುವುದು? ಅಷ್ಟರಲ್ಲಿ ಹಿಂದಿದ್ದವನೊಬ್ಬ, "ಬಾಯ್ಗೇ ಆಕ್‌ಬುಡಿ ಸ್ವಾಮಿ, ಮದ್ದೂರು ಬಸ್ಸು ಓಯ್ತದೆ" ಎಂದ. ರೇಗಿಹೋಗಿ ಹಾಕಿಬಿಟ್ಟೆ. ಅಜ್ಜಿ ಕಣ್ಣು ಮುಚ್ಚಿ ಅಲ್ಲೇ ನಿಂತರು; ಕೆನ್ನೆ ಒದ್ದೆಯಾಗಿತ್ತು. ಅವರು ಸರಿದ ಮೇಲೆ, ಬಸ್ಸಿನ ಅವಸರದವನೂ ಕೈ ಕಟ್ಟಿ ಬಾಯಿ ತೆರೆದ. ಅವನ ಹಿಂದಿದ್ದ ಒಬ್ಬರೂ ಕೈ ಚಾಚಲಿಲ್ಲ.

ಪೂಜೆ ಮುಗಿಸಿ ವಾಪಸ್ ಹೊರಟ ನಾನು ಮದ್ದೂರು ಮುಟ್ಟುವ ಮೊದಲೇ ಗುರುಗಳ ಫೋನು ಬಂತು. "ಒಂದು ಪೂಜೆ ಮಾಡಿ ಅಂದ್ರೆ ಊರನ್ನೇ ಕೆಡಿಸಿ ಹೋದ್ರಲ್ಲ ಫಾದರ್!"

ಇಷ್ಟು ಬೇಗ ವರದಿ ಮುಟ್ಟಿಸಿದ ಭಕ್ತರು, ಅರ್ಧ ಗಂಟೆಯ ನನ್ನ ಪ್ರಬೋಧನೆಯ ಬಗ್ಗೆ ಮಾತ್ರ ತುಟಿ ಬಿಚ್ಚಿರಲಿಲ್ಲ.