ಚಿಟಿಕೆಯ ತೂಕ, ತಕ್ಕಡಿ ಮಾವನ ಮರ್ಯಾದೆ

ತಕ್ಕಡಿ ರಿಪೇರಿ ಮಾಡುವವನ ಕಣ್ಣಿಗೆ ಲೋಕದಲ್ಲಿ ಎರಡೇ ಬಗೆಯ ಜನ. ತಕ್ಕಡಿಯ ಮುಳ್ಳು ಎಲ್ಲಿ ಬಂದು ನಿಂತಿತು ಎಂದು ನೋಡುವವರು ಒಂದು ಬಗೆ, ಎಲ್ಲಿಂದ ಹೊರಟಿತು ಎಂದು ನೋಡುವವರು ಇನ್ನೊಂದು. ಎರಡನೆಯ ಬಗೆಯವನು ಆ ಬೀದಿಗೆಲ್ಲ ಒಬ್ಬನೇ ಇದ್ದ. ಅವನನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ತಕ್ಕಡಿ ಮಾವ ಅನ್ನುತ್ತಿದ್ದರು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಇಪ್ಪತ್ತೆರಡು ಮೆಟ್ಟಿಲು. ಅಂಗಡಿಯಲ್ಲಿ ತರಕಾರಿಯವರ ತಕ್ಕಡಿ, ಹಿಟ್ಟಿನ ಗಿರಣಿಯ ತಕ್ಕಡಿ, ಅಕ್ಕಸಾಲಿಗನ ಗಾಜಿನ ಪೆಟ್ಟಿಗೆಯ ತಕ್ಕಡಿ, ಹೆರಿಗೆ ಆಸ್ಪತ್ರೆಯಲ್ಲಿ ಕೂಸು ತೂಗುವ ತಕ್ಕಡಿ, ಎಲ್ಲವೂ ತಮ್ಮ ತಮ್ಮ ಕಾಯಿಲೆ ಹೊತ್ತು ಸಾಲಾಗಿ ಕೂತಿರುತ್ತಿದ್ದವು. ಮಾವನ ಎಡ ಜೇಬಿನಲ್ಲಿ ಸದಾ ಅರ್ಧ ಕಿಲೋದ ಹಿತ್ತಾಳೆ ಬಟ್ಟು. ಅದರ ಭಾರಕ್ಕೆ ಹೆಂಡತಿ ಅವನ ಪ್ರತಿ ಅಂಗಿಯ ಜೇಬಿಗೂ ಎರಡು ಪದರ ಬಟ್ಟೆ ಕೊಟ್ಟು ಹೊಲಿಯಬೇಕಾಗಿತ್ತು. ಮದುವೆಯ ಫೋಟೋದಲ್ಲಿಯೂ ಮಾವ ಎಡಕ್ಕೆ ವಾಲಿಕೊಂಡೇ ನಿಂತಿದ್ದಾನೆ.

ಅವನ ಅಪ್ಪನಿಂದ ಬಂದ ಪದ್ಧತಿಯೊಂದಿತ್ತು. ರಿಪೇರಿಯಾದ ತಕ್ಕಡಿಗೆ ಬಟ್ಟು ಇಟ್ಟು ನೋಡಿದರೆ ಸಾಲದು. ತಿನ್ನುವ ಪದಾರ್ಥವೊಂದನ್ನು ತೂಗಿಯೇ ಗಿರಾಕಿಯ ಕೈಗೆ ಕೊಡಬೇಕು. ಇದಕ್ಕೆ ಸಾಕ್ಷಿ ತೂಕ ಎಂದು ಹೆಸರು. ಮೇಜಿನ ಮೇಲಿನ ಡಬ್ಬದಿಂದ ಹುರಿದ ಕಡಲೆಕಾಯಿ ಬೀಜ ಹತ್ತು ಗ್ರಾಂ ಹಾಕುವುದು, ಮುಳ್ಳು ಹತ್ತರ ಗೆರೆಯ ಮೇಲೆ ನಿಂತರೆ ತಕ್ಕಡಿ ಪಾಸು. ತೂಗಿದ ಬೀಜ ಮತ್ತೆ ಡಬ್ಬಕ್ಕೆ ಹೋಗಬಾರದು, ಸಾಕ್ಷಿ ಹೇಳಿದ್ದನ್ನು ಇನ್ನೊಮ್ಮೆ ಕಟಕಟೆಗೆ ಕರೆಯಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಅಪ್ಪನ ಕಾಲದಲ್ಲಿ ಅದು ಕಿಟಕಿಯ ಗುಬ್ಬಿಗಳ ಪಾಲಾಗುತ್ತಿತ್ತು.

ಈ ಮನೆಗೆ ನಾಲ್ಕು ವರ್ಷದ ಹಿಂದೆ ಒಂದು ನಾಯಿಮರಿ ಬಂತು. ಅಂಗೈಯಲ್ಲಿ ಕೂರುವಷ್ಟಿದ್ದ ಅದನ್ನು ನೋಡಿ ಮಾವನ ತಾಯಿ, "ಒಂದು ಚಿಟಿಕೆಯಷ್ಟೂ ಇಲ್ವಲ್ಲೋ ಇದು!" ಅಂದದ್ದೇ ಅದರ ಹೆಸರಾಯಿತು. ಹೆಸರು ಚಿಟಿಕೆಯಾಗಿಯೇ ಉಳಿಯಿತು. ನಾಯಿ ಮಾತ್ರ ಹಿಡಿಯಾಯಿತು, ಬೊಗಸೆಯಾಯಿತು, ಕೊನೆಗೆ ಬುಟ್ಟಿಯಾಯಿತು. ಹಗಲೆಲ್ಲ ಅಂಗಡಿಯ ಮೇಜಿನಡಿ, ಊಟದ ಹೊತ್ತಿಗೆ ಮಾವನ ಹಿಂದೆ ಮೆಟ್ಟಿಲೇರಿ ಮನೆಗೆ, ಇದು ಅವಳ ದಿನಚರಿ. ಒಂದು ಮಧ್ಯಾಹ್ನ ಹದಿಮೂರನೆಯ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತವಳು, 'ನೀನು ನಡಿ, ನಾನು ಯಾವುದಾದರೂ ಗಾಡಿ ಸಿಕ್ಕರೆ ಬರುತ್ತೇನೆ' ಎನ್ನುವ ಹಾಗೆ ಮಾವನ ಮುಖ ನೋಡಿದಳು. ಉಸಿರು ಕಮ್ಮಾರನ ತಿದಿಯಂತೆ ಬರುತ್ತಿತ್ತು.

ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿ ಡಾಕ್ಟರಮ್ಮ ಚಿಟಿಕೆಯನ್ನು ತಕ್ಕಡಿಯ ಮೇಲೆ ಕೂರಿಸಿದಳು. ಆರು ಕಿಲೋ ಇನ್ನೂರು ಗ್ರಾಂ.

"ಏನ್ರೀ ಯಜಮಾನ್ರೇ, ಇದು ನಾಯೀನಾ, ದಿಂಬಾ?"

"ಮೂಳೆ ದಪ್ಪ ಡಾಕ್ಟರಮ್ಮ," ಅಂದ ಮಾವ.

"ಮೂಳೆ ನನ್ನ ಕೈಗೆ ಸಿಕ್ಕಿದ್ರೆ ತಾನೇ ದಪ್ಪವೋ ಸಣ್ಣವೋ ಹೇಳೋದು! ಬೆನ್ನಿಗೆ ಪೆಟ್ಟು ಬೀಳತ್ತೆ ಹೀಗೇ ಆದ್ರೆ. ಎರಡು ತಿಂಗಳು ಕೊಡ್ತೀನಿ. ಐದು ಕಿಲೋ ಎಂಟುನೂರಕ್ಕೆ ಇಳೀಬೇಕು. ಇಳೀಲಿಲ್ಲ ಅಂದ್ರೆ ಇಲ್ಲೇ ಬಿಟ್ಟು ಹೋಗಿ, ತಿಂಗಳೊಪ್ಪತ್ತು ನಾನೇ ಇಟ್ಕೊಂಡು ಇಳಿಸ್ತೀನಿ."

ಹಿಂಬದಿಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಕಬ್ಬಿಣದ ಗೂಡುಗಳು. ಒಂದರಲ್ಲಿ ಒಂದು ಬಿಳಿ ನಾಯಿ ಗೋಡೆಗೆ ಮುಖ ಮಾಡಿ ಕೂತಿತ್ತು. ಮಾವ ಚಿಟಿಕೆಯನ್ನು ತಕ್ಕಡಿಯಿಂದ ಎತ್ತಿ ಕಂಕುಳಲ್ಲಿಟ್ಟುಕೊಂಡ. ಚಿಟಿಕೆ ಅವನ ಮಂಚದ ಕಾಲ ಬಳಿ ಬಿಟ್ಟರೆ ಬೇರೆಲ್ಲೂ ಮಲಗಿದವಳಲ್ಲ. ಅವಳ ಗೊರಕೆ ಕಿವಿಗೆ ಬೀಳದೆ ಅವನಿಗೂ ನಿದ್ದೆ ಹತ್ತುತ್ತಿರಲಿಲ್ಲ.

"ಸಣ್ಣ ನಾಯಿಗೆ ಅಂತಲೇ ಮಾಡಿದ ಕಾಳು ತನ್ನಿ, ಕೊಬ್ಬು ಕಮ್ಮಿ ಇರೋದು. ದಿನಕ್ಕೆ ಎಂಬತ್ತು ಗ್ರಾಂ, ಎರಡು ಹೊತ್ತಿಗೆ. ತೂಗಿ ಹಾಕಿ ಅಂದ್ರೆ ಯಾರೂ ತೂಗಲ್ಲ, ಕಣ್ಣಳತೇಲಿ ಸುರೀತಾರೆ. ಅದೇ ತೊಂದರೆ."

ಮಾವ ನಿಧಾನವಾಗಿ ಜೇಬಿಗೆ ಕೈ ಹಾಕಿ, ಹಿತ್ತಾಳೆ ಬಟ್ಟನ್ನು ತೆಗೆದು, ಅವಳ ಮೇಜಿನ ಮೇಲೆ ಟಣ್ ಎಂದು ಇಟ್ಟ.

"ಈ ಮಾತು ಬೇರೆಯವರಿಗೆ ಹೇಳಿ ಡಾಕ್ಟರಮ್ಮ. ನನ್ನ ಮನೇಲಿ ಒಂದು ಗ್ರಾಂ ಕೂಡ ನನ್ನ ಕಣ್ಣು ತಪ್ಪಿಸಿ ಓಡಾಡಲ್ಲ."

ಸಾಕುಪ್ರಾಣಿಗಳ ಅಂಗಡಿಗೆ ಮಾವ ದಂಡಯಾತ್ರೆಗೆ ಹೊರಟ ರಾಜನ ಹಾಗೆ ಹೊರಟ. ಅಂಗಡಿಯ ಹುಡುಗಿ ಕೇಳಿದಳು, "ಮೀನಿಂದಾ, ಕೋಳೀದಾ, ಕುರೀದಾ ಅಂಕಲ್? ನಾಯಿ ಚಟುವಟಿಕೆ ಹೇಗಿದೆ?"

"ಮಲಗೋಕೆ ಮುಂಚೆ ಮೂರು ಸುತ್ತು ಸುತ್ತತ್ತೆ."

"ಅಂದ್ರೆ ಚಟುವಟಿಕೆ ಇಲ್ಲ."

"ಆಮೇಲೆ ಮಗ್ಗುಲೂ ಬದಲಾಯಿಸತ್ತೆ," ಅಂದ ಮಾವ, ನಾಯಿಯ ಪರವಾಗಿ.

ಐದು ಬಗೆಯ ಸಣ್ಣ ಪೊಟ್ಟಣಗಳು ಮನೆಗೆ ಬಂದವು. ಒಂದೊಂದರ ಮೇಲೂ ಒಂದೊಂದು ನಾಯಿ ಚುನಾವಣೆಗೆ ನಿಂತ ಅಭ್ಯರ್ಥಿಯಂತೆ ಹಲ್ಲುಕಿರಿದು ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದರು, ಇಲ್ಲವೇ ಐದನ್ನೂ ನಾಯಿಯ ಮುಂದಿಟ್ಟು ಅದರ ಅಭಿಪ್ರಾಯ ಕೇಳುತ್ತಿದ್ದರು. ಮಾವ ಅಕ್ಕಸಾಲಿಗನ ತಕ್ಕಡಿಯನ್ನು ಮುಂದಿಟ್ಟುಕೊಂಡು, ಪ್ರತಿ ಪೊಟ್ಟಣದಿಂದ ನೂರು ಕಾಳು ಎಣಿಸಿ, ಒಂದೊಂದನ್ನೇ ತೂಗಿದ. ಎರಡು ದಿನ ಹಿಡಿಯಿತು. ಅಕ್ಕಸಾಲಿಗ ಬಂದು ತಕ್ಕಡಿ ಕೇಳಿದ್ದಕ್ಕೆ, "ಕೆಲಸ ನಡೀತಾ ಇದೆ, ತಲೆ ತಿನ್ಬೇಡ" ಅಂದು ಕಳಿಸಿದ.

ಮೂರನೆಯ ದಿನ ತೀರ್ಪು ಹೊರಬಿತ್ತು. "ಇದೇ. ಮೀನಿನದು. ನೂರು ಕಾಳಿನಲ್ಲಿ ತೊಂಬತ್ತೇಳು ಒಂದೇ ತೂಕ! ಮಾಡಿದವನು ಮರ್ಯಾದಸ್ಥ."

"ಅದು ತಿಂದು ನೋಡಿತೇನೋ?" ಎಂದು ತಾಯಿ ಕೇಳಿದಳು.

"ಅಮ್ಮಾ, ಇದು ವಿಜ್ಞಾನ. ಇದರಲ್ಲಿ ನಾಲಗೆಗೆ ಏನು ಕೆಲಸ?"

ಚಿಟಿಕೆ ಮೊದಲ ತಟ್ಟೆಯನ್ನು ಮೂಸಿದಳು. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ನೆಲಕ್ಕೆ ಉಗುಳಿ, ಅದನ್ನೇ ಸ್ವಲ್ಪ ಹೊತ್ತು ನೋಡಿ, ಬೇರೆ ದಾರಿಯಿಲ್ಲವೆಂಬಂತೆ ಮತ್ತೆ ತಿಂದಳು. ಮಾವ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ ತೂಕದ ಗೆರೆ ಎಳೆಯತೊಡಗಿದ.

ವಾರ ಕಳೆಯಿತು. ಆರು ಕಿಲೋ ಇನ್ನೂರ ಅರವತ್ತು.

"ಗ್ರಹಚಾರ," ಅಂದ ಮಾವ, ಮತ್ತು ಕಾಳನ್ನು ಎಪ್ಪತ್ತು ಗ್ರಾಂಗೆ ಇಳಿಸಿದ.

ಇನ್ನೊಂದು ವಾರ. ಆರು ಕಿಲೋ ಮುನ್ನೂರ ಐವತ್ತು. ಹಾಳೆಯ ಮೇಲಿನ ಗೆರೆ ಚಿಟಿಕೆಗಿಂತ ಚೆನ್ನಾಗಿ ಮೇಲೇರುತ್ತಿತ್ತು.

ಇಂಥ ಹೊತ್ತಿನಲ್ಲಿ ಯಾರಿಗಾದರೂ ಮನೆಮಂದಿಯ ಮೇಲೆ ಅನುಮಾನ ಬರುತ್ತದೆ. ಮಾವನಿಗೆ ಬಂದದ್ದು ತಕ್ಕಡಿಯ ಮೇಲೆ. ಮೂವತ್ತು ವರ್ಷ ಜೊತೆಗಿದ್ದ ತಕ್ಕಡಿಯನ್ನು ಬಿಚ್ಚಿ, ಸ್ಪ್ರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದ. ತಕ್ಕಡಿ ನಿರಪರಾಧಿ. ಬಟ್ಟುಗಳ ಮೇಲೆ ಅನುಮಾನ ಬಂತು. ಅವುಗಳನ್ನೂ ಪರೀಕ್ಷಿಸಿದ. ಅವೂ ಗಂಗೆಯಷ್ಟು ಪವಿತ್ರ. ಹಾಗಾದರೆ ಉಳಿದದ್ದು ಸೃಷ್ಟಿಯ ನಿಯಮವೊಂದೇ. ಅದರ ಮೇಲೂ ಮಾವನಿಗೆ ಒಂದು ಬೆಳಗ್ಗೆ ಅನುಮಾನ ಬಂತು. ಒಳಗೆ ಹೋಗುವುದನ್ನು ತೂಗಿದ್ದಾಯಿತು, ಹೊರಗೆ ಬರುವುದನ್ನೂ ತೂಗಿಬಿಡೋಣ ಎಂದು ಹಳೆ ಪತ್ರಿಕೆ, ಒಂದು ಕಡ್ಡಿ, ಪುಟ್ಟ ಕೈತಕ್ಕಡಿ ಹಿಡಿದು ಚಿಟಿಕೆಯ ಹಿಂದೆ ಬೀದಿಗಿಳಿದ.

"ಮಾವ, ಅದೇನು ತೂಗ್ತಿದೀರಿ?" ಎಂದು ಎದುರುಮನೆಯ ಪೋಸ್ಟ್‌ಮ್ಯಾನ್ ಕೇಳಿದ.

"ನಿನಗೆ ಬೇಕಾಗಿದ್ದಲ್ಲ ಬಿಡು," ಅಂದ ಮಾವ, ಗಂಭೀರವಾಗಿ.

ತೂಕ ನಂಬುವಂತಿರಲಿಲ್ಲ. ಅದಕ್ಕಿಂತ ನಂಬಲಾಗದ್ದು ಕಡ್ಡಿಯ ತುದಿಗೆ ಸಿಕ್ಕಿತು: ಬಿಸಿಲಿಗೆ ಮಿಂಚುವ ಒಂದು ಚೂರು ಬೆಳ್ಳಿ ಕಾಗದ. ಮಾವ ರಸ್ತೆ ಮಧ್ಯದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದ. ಮೀನಿನ ಕಾಳಿನಲ್ಲಿ ಬೆಳ್ಳಿ ಕಾಗದ ಇರುವುದಿಲ್ಲ. ಬೆಳ್ಳಿ ಕಾಗದ ಇರುವುದು ಮಗಳ ಕಾಲೇಜಿನ ಡಬ್ಬಿಗೆ ಹೋಗುವ ಚೀಸ್ ತುಂಡಿನ ಮೇಲೆ.

ಅವನು ಮೂರು ದಿನ, ಮನೆಯವರು ಏಳುವ ಮೊದಲೇ ಅಡುಗೆಮನೆಗೆ ಹೋಗಿ ಬಿಸ್ಕತ್ತಿನ ಡಬ್ಬ, ಚೀಸ್ ಪೆಟ್ಟಿಗೆ, ಮೊಟ್ಟೆಯ ಬುಟ್ಟಿ ಎಲ್ಲವನ್ನೂ ತೂಗಿದ. ಯಾರು ಏನು ತಿಂದರೆಂದು ಹಗಲೆಲ್ಲ ಬಾಯಿ ನೋಡುತ್ತ ಕೂತ. "ಏನ್ರೀ ನನ್ನ ತುತ್ತು ಎಣಿಸ್ತಿದೀರಾ?" ಎಂದು ಹೆಂಡತಿ ಗದರಿದಳು. ನಾಲ್ಕನೆಯ ದಿನ ಊಟದ ಮೇಜಿನ ಮುಂದೆ ನ್ಯಾಯಾಲಯ ಕೂಡಿತು.

"ಅಮ್ಮಾ, ಬಿಸ್ಕತ್ತು. ದಿನಕ್ಕೆ ಹದಿನಾರು ಗ್ರಾಂ ಲೆಕ್ಕಕ್ಕೆ ಸಿಗ್ತಿಲ್ಲ."

"ಅಯ್ಯೋ, ಹಲ್ಲಿಲ್ಲದ ಬಾಯಿ ಕಣೋ, ಕೈ ಜಾರಿ ಬೀಳತ್ತೆ."

"ದಿನಾ ಎರಡು ಬಿಸ್ಕತ್ತು, ಅದೂ ಚಿಟಿಕೆ ಬಾಯೊಳಗೇ ಬೀಳತ್ತಾ?"

"ಅದರ ಪುಣ್ಯ. ಆ ಮೀನು ವಾಸನೆ ಕಾಳು ತಿಂದು ತಿಂದು ನನ್ನ ಮುಖ ನೋಡತ್ತಲ್ಲೋ, ಕರುಳು ಕಿತ್ತು ಬರತ್ತೆ!"

ಮಗಳ ಹೆಸರಲ್ಲಿ ಹನ್ನೆರಡು ಗ್ರಾಂ ಚೀಸ್. "ಬರೀ ತುದಿ ಅಪ್ಪಾ! ತುದಿ ನಾನು ತಿನ್ನಲ್ಲ ಅಂತ ನಿಂಗೆ ಗೊತ್ತಲ್ಲ." ಹೆಂಡತಿಯ ಹೆಸರಲ್ಲಿ ಒಂದು ಮೊಟ್ಟೆಯ ಹಳದಿ, ಹದಿನೆಂಟು ಗ್ರಾಂ. "ಕೂದಲು ಹೊಳೀಲಿ ಅಂತ ಹಾಕ್ದೆ. ತಪ್ಪಾ? ನಿಮಗೂ ಒಂದಿಷ್ಟು ಕೂದಲಿದ್ದಿದ್ರೆ ಗೊತ್ತಾಗಿರೋದು."

ಮಾವ ಎದ್ದು ನಿಂತು ಭಾಷಣ ಮಾಡಿದ. ಕಬ್ಬಿಣದ ಗೂಡುಗಳನ್ನೂ, ಗೋಡೆ ನೋಡುತ್ತ ಕೂತ ಬಿಳಿ ನಾಯಿಯನ್ನೂ ವರ್ಣಿಸಿದ. ಪ್ರೀತಿಯೆಂದರೆ ಬಾಯಿಗೆ ತುರುಕುವುದಲ್ಲ ಎಂದ. ಕೊನೆಗೆ ಎದೆ ತಟ್ಟಿಕೊಂಡು, "ಈ ಮನೇಲಿ ಆ ಮೂಕಪ್ರಾಣಿಗೆ ನಿಜವಾಗಿ ಒಳ್ಳೇದು ಬಯಸಿದವನು ಅಂದ್ರೆ ನಾನೊಬ್ಬನೇ!" ಅಂದ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ತಲೆ ತಗ್ಗಿಸಿದಳು. ಹೆಂಡತಿ ಮಾತ್ರ ಹುಬ್ಬೇರಿಸಿ ಕೂತಿದ್ದಳು. ಆ ಹುಬ್ಬಿನ ಬಗ್ಗೆ ಮಾವ ಸ್ವಲ್ಪ ಯೋಚಿಸಬೇಕಿತ್ತು.

ಮಾರನೆಯ ದಿನ ಹನ್ನೊಂದು ಗಂಟೆಗೆ ಹೆಂಡತಿ ಕಾಫಿ ಹಿಡಿದು ಅಂಗಡಿಗಿಳಿದಳು. ಮಾವ ತರಕಾರಿಯವಳ ತಕ್ಕಡಿ ಮುಗಿಸಿ, ಡಬ್ಬದಿಂದ ಬೀಜ ತೆಗೆದು ಹತ್ತು ಗ್ರಾಂ ತೂಗಿದ. ಮುಳ್ಳು ಗೆರೆಯ ಮೇಲೆ ನಿಂತಿತು. "ಪಾಸು!" ಎನ್ನುತ್ತ ತಟ್ಟೆಯನ್ನು, ಕಣ್ಣೂ ಹಾಯಿಸದೆ, ಮೇಜಿನಡಿಗೆ ಇಳಿಸಿದ. ಮೇಜಿನಡಿಯಿಂದ ಚಪ್ಪರಿಸುವ ಸದ್ದು ಬಂತು. ತಟ್ಟೆ ಮೇಲೆ ಬಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು.

"ರೀ, ಅದೇನದು?"

"ಸಾಕ್ಷಿ ತೂಕ. ಅಪ್ಪನ ಕಾಲದಿಂದ ಇದೆಯಲ್ಲೇ."

"ಸಾಕ್ಷಿ ಎಲ್ಲಿಗೆ ಹೋಯ್ತು?"

"ಗುಬ್ಬಿಗೆ..." ಎನ್ನುತ್ತ ಮಾವ ಕಿಟಕಿಯ ಕಡೆ ನೋಡಿದ. ಕಿಟಕಿಯಲ್ಲಿ ಗುಬ್ಬಿಗಳಿಲ್ಲದೆ ಎಷ್ಟು ವರ್ಷವಾಯಿತೋ ಅವನಿಗೂ ನೆನಪಿರಲಿಲ್ಲ. ಮೇಜಿನಡಿಯಿಂದ ಚಿಟಿಕೆ ಮೂತಿ ಹೊರಹಾಕಿ, ಮುಂದಿನ ತಕ್ಕಡಿ ಯಾವುದು ಎಂಬಂತೆ ನೋಡಿದಳು.

"ದಿನಕ್ಕೆ ಎಷ್ಟು ತಕ್ಕಡಿ ಮುಗಿಸ್ತೀರಿ?"

"ಒಂದು... ಆರು," ಅಂದ ಮಾವ. ಸ್ವರ ಇಳಿದಿತ್ತು.

"ನಾವು ಮೂರು ಜನ ಕಳ್ಳರು ಸೇರಿ ನಲವತ್ತಾರು ಗ್ರಾಂ. ಒಳ್ಳೇದು ಬಯಸಿದವರು ಒಬ್ಬರೇ ಅರವತ್ತು!"

ಮಾವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ, ಮೇಜಿನಡಿ ಚಿಟಿಕೆ ಬಾಯಿ ಬಿಟ್ಟಳು. ಹೆಂಡತಿ ಬೀಜದ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲೇರಿದಳು. ಆ ರಾತ್ರಿ ಊಟದ ಹೊತ್ತಿಗೆ ತಾಯಿ ಮಗನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳೇ ಹೊರತು ಏನೂ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಆರು ವಾರ ಆ ಮನೆಯಲ್ಲಿ ರಾಮರಾಜ್ಯ. ಎಂಬತ್ತು ಗ್ರಾಂ ಮೀನಿನ ಕಾಳು, ಬೆಳಗ್ಗೆ ಸಂಜೆ ನಡಿಗೆ, ಸಾಕ್ಷಿ ತೂಕವೂ ಆ ಎಂಬತ್ತರೊಳಗಿನ ಕಾಳಿನಿಂದಲೇ. ಗೆರೆ ಇಳಿಯಿತು. ಹದಿಮೂರನೆಯ ಮೆಟ್ಟಿಲಲ್ಲಿ ಕೂರುತ್ತಿದ್ದವಳು ಹದಿನೆಂಟರಲ್ಲಿ ಕೂತಳು, ಆಮೇಲೆ ಕೂರಲೇ ಇಲ್ಲ. ಗಡುವಿನ ದಿನ ಮಾವನ ತಕ್ಕಡಿಯಲ್ಲಿ ಐದು ಕಿಲೋ ಏಳುನೂರ ಎಂಬತ್ತು. ಮನೆಮಂದಿಯೆಲ್ಲ ದಿಬ್ಬಣದಂತೆ ಆಸ್ಪತ್ರೆಗೆ ಹೊರಟರು.

ಡಾಕ್ಟರಮ್ಮನ ತಕ್ಕಡಿಯ ಮುಳ್ಳು ಐದು ಕಿಲೋ ಒಂಬೈನೂರರಲ್ಲಿ ನಿಂತಿತು.

"ನೂರು ಗ್ರಾಂ ಜಾಸ್ತಿ," ಅಂದಳು ಡಾಕ್ಟರಮ್ಮ. "ಪಾಪ, ಕಷ್ಟಪಟ್ಟಿದೀರಿ. ಆದ್ರೆ ಮಾತು ಮಾತೇ. ಬಿಟ್ಟು ಹೋಗಿ."

ತಾಯಿ ನಾಯಿಯನ್ನು ಎದೆಗವಚಿಕೊಂಡಳು. ಎಲ್ಲರೂ ಮಾತಾಡುತ್ತಿದ್ದಾಗ ಮಾವ ಮಾತ್ರ ಬಗ್ಗಿ, ಖಾಲಿ ತಕ್ಕಡಿಯನ್ನು ನೋಡುತ್ತಿದ್ದ. ಮುಳ್ಳು ಸೊನ್ನೆಯಲ್ಲಿರಲಿಲ್ಲ. ಸೊನ್ನೆಗಿಂತ ಒಂದು ಕೂದಲಿನಷ್ಟು ಆಚೆ ಇತ್ತು.

"ಡಾಕ್ಟರಮ್ಮ, ಈ ರಬ್ಬರ್ ಹಾಸು ಹೋದ ಸಲ ಇರಲಿಲ್ಲ."

"ಮರಿಗಳು ಜಾರ್ತವೆ ಅಂತ ಮೊನ್ನೆ ಹಾಕಿಸ್ದೆ. ಯಾಕೆ?"

"ಹಾಸು ಹಾಕಿದೋರು ಮುಳ್ಳನ್ನ ಸೊನ್ನೆಗೆ ತಂದಿಲ್ಲ." ಮಾವ ಜೇಬಿನಿಂದ ಬಟ್ಟನ್ನು ತೆಗೆದು ತಕ್ಕಡಿಯ ಮೇಲಿಟ್ಟ. ಅರ್ಧ ಕಿಲೋದ ಬಟ್ಟು ಆರುನೂರ ಇಪ್ಪತ್ತು ತೂಗಿತು. ಕೆಳಗಿನ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ಹೆಣ್ಣಿನ ಕಿವಿಯೋಲೆ ತಿರುಗಿಸುವಷ್ಟು ನಾಜೂಕಾಗಿ ತಿರುಗಿಸಿದ. ಮುಳ್ಳು ಐನೂರಕ್ಕೆ ಬಂದು ನಿಂತಿತು. ಬಟ್ಟು ತೆಗೆದು ಚಿಟಿಕೆಯನ್ನು ಕೂರಿಸಿದರು. ಐದು ಕಿಲೋ ಏಳುನೂರ ಎಂಬತ್ತು.

ಡಾಕ್ಟರಮ್ಮ ಮಾವನನ್ನೊಮ್ಮೆ ಮುಳ್ಳನ್ನೊಮ್ಮೆ ನೋಡಿ ನಕ್ಕುಬಿಟ್ಟಳು. "ಹೋಗಿ, ಕರ್ಕೊಂಡು ಹೋಗಿ! ನಿಮ್ಮ ಹತ್ರ ತೂಕದ ವಿಷಯ ಮಾತಾಡಿದ್ದು ನಂದೇ ತಪ್ಪು."

ತಾಯಿ ಚಿಟಿಕೆಯನ್ನು ಮತ್ತೆ ಎತ್ತಿಕೊಂಡಳು. ಆದರೆ ಮಾವ ಕದಲಲಿಲ್ಲ. ಅವನ ಕೈ ಸೋಕಿದ ತಕ್ಕಡಿ. ಸಾಕ್ಷಿ ತೂಕವಾಗದೆ ಬಿಟ್ಟು ಹೋಗುವುದು ಹೇಗೆ? ಅವನು ಸುತ್ತ ನೋಡಿದ. ಮೇಜಿನ ಮೇಲೆ ಗಾಜಿನ ಭರಣಿಯಲ್ಲಿ ನಾಯಿಗಳಿಗೆ ಕೊಡುವ ದಪ್ಪ ಬಿಸ್ಕತ್ತುಗಳಿದ್ದವು. ಒಂದು ಹಿಡಿ ತೆಗೆದು ಹಾಸಿನ ಮೇಲಿಟ್ಟ. ಮುಳ್ಳು ಸರಿಯಾಗಿ ಅಲುಗಿ ಸರಿಯಾಗಿ ನಿಂತಿತು. "ಪಾಸು," ಅಂದ, ಅಭ್ಯಾಸಬಲದಿಂದ.

ಆ ಒಂದು ಮಾತಿಗೆ ಚಿಟಿಕೆ ತಾಯಿಯ ತೋಳಿನಿಂದ ಧುಮುಕಿ, ಮಾವನ ಕಾಲಬುಡದಲ್ಲಿ ನೆಟ್ಟಗೆ ಕೂತು, ಮೂತಿ ಮೇಲೆತ್ತಿದಳು. ಹೆಂಡತಿಯ ಹುಬ್ಬು ಮೇಲೇರಿತು. ಸಾಕ್ಷಿ ಹೇಳಿದ್ದು ಭರಣಿಗೆ ಮರಳುವಂತಿಲ್ಲ, ಅಪ್ಪನ ಕಟ್ಟಪ್ಪಣೆ. ಕೆಳಗೆ ಕೊಡುವಂತಿಲ್ಲ; ಹೆಂಡತಿಯ ಹುಬ್ಬು. ಮಾವ ಅತ್ತ ನೋಡಿದ, ಇತ್ತ ನೋಡಿದ, ಕಿಟಕಿ ನೋಡಿದ. ಅಲ್ಲೂ ಗುಬ್ಬಿಯಿಲ್ಲ.

ಕೊನೆಗೆ ಬಿಸ್ಕತ್ತುಗಳನ್ನೆಲ್ಲ ಒಟ್ಟಿಗೆ ಎತ್ತಿ ತನ್ನ ಬಾಯಿಗೇ ಹಾಕಿಕೊಂಡ. ಕರುಂ ಕರುಂ ಎಂಬ ಸದ್ದಷ್ಟೇ ಕೇಳಿಸುತ್ತಿತ್ತು. ಚಿಟಿಕೆ ಅವನ ದವಡೆ ಆಡಿದ ಕಡೆಗೆಲ್ಲ ತಲೆ ಆಡಿಸಿದಳು.

"ಹೇಗಿದೆಯೋ?" ಎಂದು ತಾಯಿ ಕೇಳಿದಳು.

ಮಾವ ಕಷ್ಟಪಟ್ಟು ನುಂಗಿ, ನೀರು ಕುಡಿದು, ನಾಯಿಯ ಕಡೆ ಬಹಳ ಹೊತ್ತು ಮರುಕದಿಂದ ನೋಡಿದ.

"ನಮ್ಮ ಮೀನಿನ ಕಾಳು ಹೇಗಿರತ್ತೋ, ಅದನ್ನೂ ಒಂದು ಸಲ ನೋಡ್ಬೇಕಮ್ಮಾ," ಅಂದ.